ಮನಸ್ಸಿನ ತೊಂದರೆಗೆ ಮೊದಲು ಎಲ್ಲಿಗೆ ಹೋಗುವುದು: ಕರ್ನಾಟಕದಲ್ಲಿರುವ ದಾರಿಗಳ ಹೋಲಿಕೆ

ತೀರ್ಥಹಳ್ಳಿ ಕಡೆಯ ನನ್ನ ಭಾವ ಅಡಿಕೆ ಬೆಳೆಗಾರರು. ಮೂರು ವರ್ಷಗಳ ಹಿಂದೆ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಸುವ ಕಾಲ ಬಂದರೂ ಅವರು ತೋಟದ ಕಡೆ ತಲೆ ಹಾಕಲಿಲ್ಲ. ಕೊನೆ ತೆಗೆಯುವವರಿಗೆ ಫೋನ್ ಮಾಡುವ ಕೆಲಸವನ್ನೂ ಅಕ್ಕನಿಗೇ ಬಿಟ್ಟು ಜಗಲಿಯ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ಕೇಳಿದರೆ ಹೊಟ್ಟೆ ಉರಿ, ಎದೆ ಭಾರ, ಊಟ ಸೇರುವುದಿಲ್ಲ ಎನ್ನುತ್ತಿದ್ದರು. ಹೊಟ್ಟೆಗೆಂದು ಎಂಡೋಸ್ಕೋಪಿ ಆಯಿತು, ಎದೆಗೆಂದು ಇಸಿಜಿ, ಎಕೋ ಆದವು, ಎಲ್ಲವೂ ನಾರ್ಮಲ್ ಎಂದು ಬಂದ ಮೇಲೆ ಜೋಯಿಸರ ಬಳಿ ಪ್ರಶ್ನೆ ಇಡಿಸಿ ಶಾಂತಿ ಮಾಡಿಸಿದ್ದೂ ಆಯಿತು. ಏಳು ತಿಂಗಳು ಕಳೆದ ಮೇಲೆ, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಆ ರಿಪೋರ್ಟುಗಳನ್ನೆಲ್ಲ ತುಂಬಿಕೊಂಡು, ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿ ತಾಲ್ಲೂಕು ಆಸ್ಪತ್ರೆಗೆ ಹೋದೆವು. ವೈದ್ಯರು ಕವರನ್ನು ಬದಿಗಿಟ್ಟು, "ಬೆಳಗಿನ ಜಾವ ಎಷ್ಟು ಹೊತ್ತಿಗೆ ಎಚ್ಚರ ಆಗ್ತದೆ?" ಎಂದು ಕೇಳಿದರು. "ಮೂರು, ಮೂರೂವರೆ. ಆಮೇಲೆ ನಿದ್ದೆ ಇಲ್ಲ. ಬೆಳಗಾಗೋದೇ ಬ್ಯಾಡ ಅನ್ನಿಸ್ತದೆ ಡಾಕ್ಟ್ರೇ" ಎಂದರು ಭಾವ. ಆ ಕೊನೆಯ ಮಾತನ್ನು ಅಕ್ಕ ಅಲ್ಲಿಯವರೆಗೆ ಕೇಳಿರಲಿಲ್ಲ.

ಈ ಏಳು ತಿಂಗಳಲ್ಲಿ ನಾವು ವೈದ್ಯರ ಬಳಿ ಹೋಗದೆ ಇರಲಿಲ್ಲ, ಹಣಕ್ಕೂ ಹಿಂದೆಮುಂದೆ ನೋಡಲಿಲ್ಲ. ಆದರೆ ಎಲ್ಲಿಗೆ ಹೋಗಬೇಕೆಂಬುದನ್ನು ನೋವು ಕಾಣಿಸಿಕೊಂಡ ಅಂಗವನ್ನು ನೋಡಿ ನಿರ್ಧರಿಸುತ್ತಿದ್ದೆವು. ಖಿನ್ನತೆ ನಮ್ಮ ಕಡೆ ಹೆಚ್ಚಾಗಿ ಮೈನೋವು, ಹೊಟ್ಟೆ, ನಿದ್ದೆ, ಸುಸ್ತುಗಳ ರೂಪದಲ್ಲೇ ವೈದ್ಯರ ಮುಂದೆ ಬರುತ್ತದೆ ಎಂಬುದು ಆಗ ನಮಗೆ ತಿಳಿದಿರಲಿಲ್ಲ. 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಅಂದರೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಚಿಕಿತ್ಸೆ ಬೇಕಾಗುವಂತಹ ಮಾನಸಿಕ ತೊಂದರೆ ಇತ್ತು. ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಶೇ 70ರಿಂದ 92ರವರೆಗೆ ಇತ್ತು. ನಿಮ್ಹಾನ್ಸ್ ಇರುವ ಕರ್ನಾಟಕವೇ ಆ 12 ರಾಜ್ಯಗಳಲ್ಲಿ ಇರಲಿಲ್ಲ ಎಂಬುದು ಬೇರೆ ಮಾತು.

ಮುಂದೆ ಒಂದೊಂದೇ ದಾರಿಯನ್ನು ಹೋಲಿಸುವಾಗ ವೆಚ್ಚ, ದೂರ, ಭಾಷೆ, ಗುಟ್ಟು ಇವೆಲ್ಲವನ್ನೂ ನೋಡಿದ್ದೇನೆ. ಆದರೆ ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟಿರುವುದು ಒಂದೇ ಪ್ರಶ್ನೆಗೆ: ಅಲ್ಲಿಗೆ ಎರಡನೆಯ ಸಲ, ಮೂರನೆಯ ಸಲ ಹೋಗಲು ನಿಮ್ಮಿಂದ ಆಗುತ್ತದೆಯೇ? ಖಿನ್ನತೆಯ ಮಾತ್ರೆ ಕೆಲಸ ಮಾಡಲು ಸಾಮಾನ್ಯವಾಗಿ 2ರಿಂದ 6 ವಾರ ಹಿಡಿಯುತ್ತದೆ, ಗುಣ ಕಂಡ ಮೇಲೂ ಕೆಲವು ತಿಂಗಳು ಅದನ್ನು ಮುಂದುವರಿಸಬೇಕಾಗುತ್ತದೆ. ಮಾತಿನ ಚಿಕಿತ್ಸೆಯಾದರೂ ವಾರಕ್ಕೊಂದು ಭೇಟಿಯಂತೆ ಎಂಟು ಹತ್ತು ವಾರ ನಡೆಯುವಂಥದ್ದು. ಹಾಗಾಗಿ ಒಂದೇ ಒಂದು ಸಲ ಹೋಗಿ ಬರಲು ಸಾಧ್ಯವಾಗುವ ಬಹು ದೊಡ್ಡ ಆಸ್ಪತ್ರೆಗಿಂತ ತಿಂಗಳು ತಿಂಗಳು ಹೋಗಬಹುದಾದ ಸಾಧಾರಣ ಆಸ್ಪತ್ರೆಯೇ ಬಹುಪಾಲು ಜನರಿಗೆ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಯಾರ ಕೆಲಸ ಯಾವುದು

ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಅದರ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಪಿ.ಎಂ. ಓದಿದವರು, ಕಾಯಿಲೆ ಯಾವುದೆಂದು ನಿರ್ಣಯಿಸುವುದು, ಮಾತ್ರೆ ಬರೆಯುವುದು, ಬೇಕಾದರೆ ದಾಖಲು ಮಾಡಿಕೊಳ್ಳುವುದು ಅವರ ಕೆಲಸ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಪರೀಕ್ಷೆಗಳನ್ನು ಮಾಡುತ್ತಾರೆ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಮತ್ತು ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಪಟ್ಟಿಯಲ್ಲಿ ಇರಬೇಕು. ಆಪ್ತ ಸಮಾಲೋಚಕರು ಎಂಬ ಬೋರ್ಡನ್ನು ಮಾತ್ರ ಎರಡು ವರ್ಷ ಓದಿದವರೂ ಹಾಕುತ್ತಾರೆ, ಎರಡು ವಾರದ ಕೋರ್ಸ್ ಮುಗಿಸಿದವರೂ ಹಾಕುತ್ತಾರೆ. ಆದ್ದರಿಂದ "ನೀವು ಏನು ಓದಿದ್ದೀರಿ, ನೋಂದಣಿ ಸಂಖ್ಯೆ ಏನು" ಎಂದು ಕೇಳುವುದನ್ನು ಮರ್ಯಾದೆಗೇಡು ಎಂದುಕೊಳ್ಳಬೇಕಾಗಿಲ್ಲ. ಸರಿಯಾಗಿ ಓದಿದವರು ಆ ಪ್ರಶ್ನೆಗೆ ಬೇಸರಿಸಿದ್ದನ್ನು ನಾನು ಕಂಡಿಲ್ಲ.

ಮಾತ್ರೆ ಬೇಕೋ ಮಾತು ಸಾಕೋ ಎಂಬ ಚರ್ಚೆ ಮನೆಗಳಲ್ಲಿ ಬಹಳ ನಡೆಯುತ್ತದೆ. ನಿದ್ದೆ, ಹಸಿವು, ದಿನದ ಕೆಲಸಗಳು ಇನ್ನೂ ನಡೆಯುತ್ತಿದ್ದು ಮನಸ್ಸು ಮಾತ್ರ ಕುಗ್ಗಿದ್ದರೆ, ಪರೀಕ್ಷೆ, ಮದುವೆ, ಸಾವು, ಕೆಲಸದ ಒತ್ತಡ ಹೀಗೆ ಕಾರಣ ಕಣ್ಣಿಗೆ ಕಾಣುತ್ತಿದ್ದರೆ, ಸೈಕಾಲಜಿಸ್ಟರಿಂದ ಶುರು ಮಾಡುವುದು ತಪ್ಪಲ್ಲ. ಮಲಗಿದಲ್ಲಿಂದ ಏಳಲಾಗದಂತಾಗಿದ್ದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ಮನೆಯವರೇ ವಿಷ ಹಾಕುತ್ತಾರೆಂಬ ಅನುಮಾನ ಬಲಿತಿದ್ದರೆ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಅತಿಯಾದ ಹುರುಪು ಮತ್ತು ಖರ್ಚು ಶುರುವಾಗಿದ್ದರೆ, ಮೊದಲು ಮನೋವೈದ್ಯರನ್ನೇ ಕಾಣಬೇಕು. ಇಂಥ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬರೀ ಕೌನ್ಸೆಲಿಂಗ್‌ನಲ್ಲಿ ಕಳೆದರೆ ರೋಗಕ್ಕೆ ಬೇರೂರಲು ಸಮಯ ಕೊಟ್ಟ ಹಾಗಾಗುತ್ತದೆ.

ಫೋನ್: 14416

ಮನೆಯಿಂದ ಹೊರಗೆ ಕಾಲಿಡಲು ಇನ್ನೂ ಮನಸ್ಸಿಲ್ಲದವರಿಗೆ ಇರುವ ಅತ್ಯಂತ ಹಗುರವಾದ ದಾರಿ ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸೇವೆಗೆ ನಿಮ್ಹಾನ್ಸ್ ಕೇಂದ್ರಸ್ಥಾನ. 14416ಕ್ಕೆ ಕರೆ ಮಾಡಿ ಕನ್ನಡವನ್ನು ಆರಿಸಿಕೊಂಡರೆ ತರಬೇತಾದ ಸಮಾಲೋಚಕರು ಮಾತನಾಡುತ್ತಾರೆ, ಅಗತ್ಯವೆನಿಸಿದರೆ ಕರೆಯನ್ನು ಮನೋವೈದ್ಯರಿಗೆ ವರ್ಗಾಯಿಸುತ್ತಾರೆ ಅಥವಾ ಹತ್ತಿರದ ಆಸ್ಪತ್ರೆ ಯಾವುದೆಂದು ಹೇಳುತ್ತಾರೆ. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ. 2024ರ ಅಕ್ಟೋಬರ್‌ನಲ್ಲಿ ಇದರ ಆ್ಯಪ್ ಕೂಡ ಬಂತು.

ಇದರ ಬಲವೆಂದರೆ ಯಾರೂ ನೋಡುವುದಿಲ್ಲ. ಊರಿನ ಬಸ್‌ಸ್ಟ್ಯಾಂಡಿನಲ್ಲಿ "ಎಲ್ಲಿಗೆ ಹೊರಟ್ರಿ?" ಎಂದು ನಾಲ್ಕು ಜನ ಕೇಳುವ ಕಡೆ ಇರುವವರಿಗೆ ಇದು ಸಣ್ಣ ಅನುಕೂಲವಲ್ಲ. ಮಿತಿಯೆಂದರೆ, ಮುಂದಿನ ಕರೆಗೆ ಅದೇ ವ್ಯಕ್ತಿ ಸಿಗುತ್ತಾರೆಂದು ಹೇಳಲಾಗುವುದಿಲ್ಲ. ರಾತ್ರಿ ಎರಡು ಗಂಟೆಯ ಸಂಕಟಕ್ಕೆ, ಅಥವಾ "ನಮ್ಮ ಹುಡುಗನಿಗೆ ಹೀಗಾಗುತ್ತಿದೆ, ಇದು ಕಾಯಿಲೆಯೇ?" ಎಂಬ ಮನೆಯವರ ಮೊದಲ ಪ್ರಶ್ನೆಗೆ ನಾನು ಬೇರೆ ಯಾವುದಕ್ಕಿಂತಲೂ ಇದನ್ನೇ ಸೂಚಿಸುತ್ತೇನೆ. ಆರು ತಿಂಗಳ ಚಿಕಿತ್ಸೆಯನ್ನು ಫೋನಿನ ಮೇಲೆಯೇ ನಡೆಸುವ ಲೆಕ್ಕ ಹಾಕಬೇಡಿ.

ಊರಿನ ಡಾಕ್ಟರು

ಮನೆತನದ ಮೂರು ತಲೆಮಾರು ಬಲ್ಲ ಊರಿನ ಎಂಬಿಬಿಎಸ್ ವೈದ್ಯರನ್ನು ಕಡೆಗಣಿಸಬಾರದು. ಥೈರಾಯ್ಡ್ ಕಡಿಮೆಯಾದರೂ, ಬಿ12 ವಿಟಮಿನ್ ಅಥವಾ ರಕ್ತ ಕಡಿಮೆಯಾದರೂ ಖಿನ್ನತೆಯಂಥದೇ ಸುಸ್ತು, ಬೇಸರ, ಮರೆವು ಕಾಣಿಸಿಕೊಳ್ಳುತ್ತವೆ; ಆ ರಕ್ತಪರೀಕ್ಷೆಗಳನ್ನು ಅವರೇ ಮಾಡಿಸಬಲ್ಲರು. ಸಾಧಾರಣ ಖಿನ್ನತೆ, ಆತಂಕಗಳಿಗೆ ಮದ್ದು ಶುರು ಮಾಡುವವರೂ ಇದ್ದಾರೆ.

ಎಚ್ಚರ ಇರಬೇಕಾದದ್ದು ಒಂದೇ ವಿಷಯದಲ್ಲಿ. "ನಿದ್ದೆ ಬರುತ್ತಿಲ್ಲ" ಎಂದ ಕೂಡಲೇ ಆಲ್ಪ್ರಜೋಲಾಮ್, ಕ್ಲೊನಾಜೆಪಾಮ್‌ನಂಥ ಮಾತ್ರೆ ಸಿಕ್ಕಿ, ಅದನ್ನೇ ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ವರ್ಷಗಟ್ಟಲೆ ತೆಗೆದುಕೊಂಡವರು ಬೇಕಾದಷ್ಟಿದ್ದಾರೆ. ಈ ಮಾತ್ರೆಗಳು ಕೆಲವು ದಿನದ ಮಟ್ಟಿಗೆ ಉಪಯುಕ್ತ, ಆದರೆ ದೇಹ ಅವುಗಳಿಗೆ ಒಗ್ಗಿಹೋಗುತ್ತದೆ, ಆಮೇಲೆ ಬಿಡುವುದು ಕಷ್ಟ. "ಮನೋವೈದ್ಯರ ಮಾತ್ರೆ ಚಟ ಹಿಡಿಸುತ್ತದೆ" ಎಂಬ ಊರ ಮಾತು ಹುಟ್ಟಿದ್ದೇ ಇವುಗಳಿಂದ ಇರಬೇಕು. ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲುಯೊಕ್ಸೆಟಿನ್‌ಗಳು ಬೇರೆ ಜಾತಿಯವು. ಅವು ಚಟ ಹಿಡಿಸುವುದಿಲ್ಲ, ಆದರೂ ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಮೊದಲ ವಾರದಲ್ಲಿ ಹೊಟ್ಟೆ ತೊಳಸಿದಂತಾಗುವುದು, ಸ್ವಲ್ಪ ತಳಮಳ ಹೆಚ್ಚಾಗುವುದು ಉಂಟು. ಭಾವ ನಾಲ್ಕನೆಯ ದಿನವೇ "ಇದು ನಂಗೆ ಒಗ್ಗದಿಲ್ಲ" ಎಂದು ಮಾತ್ರೆಯನ್ನು ಪಕ್ಕಕ್ಕಿಟ್ಟಿದ್ದರು; ಆಸ್ಪತ್ರೆಗೆ ಫೋನ್ ಮಾಡಿ, ಊಟದ ನಂತರ ತೆಗೆದುಕೊಳ್ಳಿ, ಒಂದು ವಾರದಲ್ಲಿ ಕಡಿಮೆಯಾಗುತ್ತದೆ ಎಂದು ಅವರ ಬಾಯಿಂದಲೇ ಹೇಳಿಸಬೇಕಾಯಿತು. ಹೀಗೆ ಫೋನ್ ಮಾಡಿ ಕೇಳುವ ಸಲುಗೆ ಯಾವ ಕಡೆ ಸಿಗುತ್ತದೆ ಎಂಬುದನ್ನೂ ಹೋಲಿಕೆಯಲ್ಲಿ ಸೇರಿಸಿಕೊಳ್ಳಿ. ತಳಮಳದ ಜೊತೆಗೆ ಸಾಯುವ ಯೋಚನೆ ಬಂದರೆ ಅಥವಾ ಹೆಚ್ಚಾದರೆ ವಾರ ಕಾಯುವ ಮಾತೇ ಇಲ್ಲ, ಅದೇ ದಿನ ವೈದ್ಯರಿಗೆ ತಿಳಿಸಬೇಕು.

ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆ

ನಮ್ಮ ರಾಜ್ಯದವರಿಗೇ ಸರಿಯಾಗಿ ಗೊತ್ತಿಲ್ಲದ ಸಂಗತಿಯೊಂದಿದೆ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗಳಿಗೆ ಹಳ್ಳಿಯ ಹತ್ತಿರದಲ್ಲೇ ಮದ್ದು ಸಿಗುವಂತೆ ಮಾಡುವುದು. ಅದು ನಡೆಯುತ್ತದೆ ಎಂದು ಕಂಡ ಮೇಲೆ, 1996ರಲ್ಲಿ ದೇಶದಾದ್ಯಂತ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಈಗ ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರ ವಿಭಾಗವಿದೆ, ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿಯೂ ಇದೆ; ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ಏರ್ಪಾಡೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ವಾರದ ಸರದಿ ಎಂಬುದನ್ನು ಆಸ್ಪತ್ರೆಯ ಚೀಟಿ ಕೌಂಟರಿನಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ಮೊದಲೇ ಕೇಳಿಕೊಳ್ಳಬೇಕು.

ಇಲ್ಲಿನ ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಒಬ್ಬರೇ ವೈದ್ಯರು ಒಂದು ಬೆಳಗ್ಗೆ ಅರವತ್ತು ಎಪ್ಪತ್ತು ಜನರನ್ನು ನೋಡುವ ದಿನಗಳಿವೆ. ಬಾಗಿಲು ತೆರೆದೇ ಇರುತ್ತದೆ, ಮುಂದಿನ ಟೋಕನ್‌ನವರು ನಿಮ್ಮ ಬೆನ್ನಿಗೇ ನಿಂತಿರುತ್ತಾರೆ. ನಾವು ಹೋದ ಎರಡನೆಯ ಸಲ ಬೇಕಾದ ಮಾತ್ರೆಯ ಸ್ಟಾಕ್ ಮುಗಿದು ಹೊರಗೆ ಬರೆದುಕೊಟ್ಟರು. ನಿಧಾನವಾಗಿ ಕೂತು ಮಾತನಾಡುವ ಚಿಕಿತ್ಸೆ ಬಯಸುವವರಿಗೆ ಇಲ್ಲಿ ಅಷ್ಟು ಸಮಯ ಸಿಗುವುದು ಅಪರೂಪ. ಹೀಗಿದ್ದೂ, ಮದ್ದು ಉಚಿತ, ಬಸ್ ಚಾರ್ಜು ಮೂವತ್ತು ನಲವತ್ತು ರೂಪಾಯಿ, ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್. ತಿಂಗಳಿಗೊಮ್ಮೆ ಹೋಗುವುದನ್ನು ವರ್ಷದವರೆಗೆ ನಡೆಸಿಕೊಂಡು ಹೋಗಲು ಕೃಷಿಕ ಕುಟುಂಬಕ್ಕೆ ಇದಕ್ಕಿಂತ ಸುಲಭವಾದದ್ದು ನನಗೆ ಕಾಣಲಿಲ್ಲ. ಸ್ಕಿಜೋಫ್ರೇನಿಯಾದಂಥ ದೀರ್ಘ ಕಾಯಿಲೆ ಇರುವವರಿಗೆ ಅಂಗವಿಕಲತೆಯ ಪ್ರಮಾಣಪತ್ರದ ದಾರಿ ತೆರೆಯುವುದೂ ಸರ್ಕಾರಿ ವ್ಯವಸ್ಥೆಯ ಮೂಲಕವೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ.

ನಿಮ್ಹಾನ್ಸ್, ಡಿಮ್ಹಾನ್ಸ್

"ತೋರಿಸಿದರೆ ನಿಮ್ಹಾನ್ಸ್‌ಗೇ ತೋರಿಸಬೇಕು" ಎಂಬ ಮಾತು ಬೀದರಿನಿಂದ ಚಾಮರಾಜನಗರದವರೆಗೆ ಕೇಳಿಬರುತ್ತದೆ. "ಅಯ್ಯೋ, ನಿಮ್ಹಾನ್ಸಾ!" ಎಂದು ದನಿ ತಗ್ಗಿಸುವವರೂ ಅವರೇ. ಎರಡಕ್ಕೂ ಉತ್ತರ ಆ ಸಂಸ್ಥೆಯ ಚರಿತ್ರೆಯಲ್ಲಿದೆ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ 1974ರ ಡಿಸೆಂಬರ್ 27ರಂದು ಇದನ್ನು ಕಟ್ಟಲಾಯಿತು. 2012ರಲ್ಲಿ ಇದಕ್ಕೆ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆ ಎಂಬ ಸ್ಥಾನ ಬಂತು. ಹೆಸರಿನಲ್ಲಿರುವಂತೆ ನರವಿಜ್ಞಾನವೂ ಇಲ್ಲಿಯದೇ ಭಾಗ: ಹೊಸೂರು ರಸ್ತೆಯ ಆ ಗೇಟಿನೊಳಗೆ ಹೋಗುವವರಲ್ಲಿ ತಲೆಗೆ ಪೆಟ್ಟಾದವರು, ಮೂರ್ಛೆರೋಗದವರು, ಪಾರ್ಶ್ವವಾಯು ಬಡಿದವರು ಎಲ್ಲರೂ ಇದ್ದಾರೆ. ಯಾರು ಯಾವುದಕ್ಕೆ ಬಂದರೆಂದು ನೋಡಿ ಹೇಳಲು ಆಗುವುದಿಲ್ಲ.

ಹೊಸ ರೋಗಿಗೆ ಇಲ್ಲಿ ಸಿಗುವ ಗಮನ ಬೇರೆ ಕಡೆ ಕಷ್ಟ. ಮೊದಲು ಕಿರಿಯ ವೈದ್ಯರೊಬ್ಬರು ರೋಗಿಯನ್ನೂ ಮನೆಯವರನ್ನೂ ಬಹಳ ಹೊತ್ತು ಕೂರಿಸಿಕೊಂಡು ಹುಟ್ಟಿದಾಗಿನಿಂದ ಹಿಡಿದು ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಾರೆ, ಆಮೇಲೆ ಹಿರಿಯ ವೈದ್ಯರು ನೋಡುತ್ತಾರೆ. ಅಷ್ಟಕ್ಕೆ ಇಡೀ ದಿನ ಹಿಡಿಯುವುದೂ ಉಂಟು. ಬೆಳಗ್ಗೆ ಬೇಗ ಹೋಗಿ, ಬುತ್ತಿ ಕಟ್ಟಿಕೊಂಡು ಹೋಗಿ. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗಿರಲಿ, ರಿಯಾಯಿತಿ ಇದೆ. ಎಲ್ಲಿ ತೋರಿಸಿದರೂ ಕಾಯಿಲೆ ಏನೆಂದೇ ತಿಳಿಯದಿದ್ದಾಗ, ಎರಡು ಮೂರು ಮದ್ದು ಬದಲಾಯಿಸಿದರೂ ಗುಣ ಕಾಣದಿದ್ದಾಗ, ಮಕ್ಕಳ ವಿಷಯದಲ್ಲಿ, ವ್ಯಸನದ ವಿಷಯದಲ್ಲಿ ಇಲ್ಲಿಗೆ ಹೋಗುವುದು ಸಾರ್ಥಕ. ಇನ್ನೊಂದು ವಿಷಯವನ್ನು ಹೆಣ್ಣುಮಕ್ಕಳ ಮನೆಯವರು ನೆನಪಿಟ್ಟುಕೊಳ್ಳಬೇಕು. ಹೆರಿಗೆಯಾದ ಮೊದಲ ಕೆಲವು ದಿನ ಅಥವಾ ವಾರಗಳಲ್ಲಿ ಇದ್ದಕ್ಕಿದ್ದಂತೆ ನಿದ್ದೆ ಹೋಗಿ, ಮಾತು ತಪ್ಪಿ, ಮಗುವನ್ನು ನನ್ನದಲ್ಲ ಎನ್ನುವಂತಾಗುವುದನ್ನು ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದರು. ಅದು ತುರ್ತಾಗಿ ನೋಡಬೇಕಾದ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ. ತಾಯಿಯನ್ನು ಮಗುವಿನ ಜೊತೆಯಲ್ಲೇ ದಾಖಲು ಮಾಡಿಕೊಳ್ಳುವ ಘಟಕ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ.

ಉತ್ತರ ಕರ್ನಾಟಕದವರು ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಬರುವ ಮೊದಲು ಧಾರವಾಡದ ಡಿಮ್ಹಾನ್ಸ್ ಅನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿರುವ ಮಾನಸಿಕ ಆಸ್ಪತ್ರೆಯೇ ಈಗ ಸಂಸ್ಥೆಯಾಗಿ ಬೆಳೆದಿದೆ. ಅಲ್ಲಿಯ ವೈದ್ಯರಿಗೆ "ಜೀವ ಭಾಳ ಹೈರಾಣ ಆಗೇತ್ರೀ" ಎಂದರೆ ಅನುವಾದ ಬೇಕಾಗುವುದಿಲ್ಲ, ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮನಸ್ಸಿನ ಕಾಯಿಲೆಯಲ್ಲಿ ರೋಗಿಯ ಮಾತೇ ಎಕ್ಸ್‌ರೇ.

ನಿಮ್ಹಾನ್ಸ್‌ನಲ್ಲಿ ಒಮ್ಮೆ ತೋರಿಸಿ, ಅವರು ಬರೆದುಕೊಟ್ಟ ಚಿಕಿತ್ಸೆಯನ್ನು ಜಿಲ್ಲಾಸ್ಪತ್ರೆಯಲ್ಲಿ ಮುಂದುವರಿಸುವ ಕ್ರಮ ಚಾಲ್ತಿಯಲ್ಲಿದೆ. ದೂರದವರು ಮೊದಲ ಭೇಟಿಯಲ್ಲೇ ಅದನ್ನು ಕೇಳಿ ಬರೆಸಿಕೊಂಡು ಬರುವುದು ಒಳ್ಳೆಯದು.

ಖಾಸಗಿ ಕ್ಲಿನಿಕ್, ಮತ್ತು ಆನ್‌ಲೈನ್

ಜಿಲ್ಲಾ ಕೇಂದ್ರಗಳಲ್ಲಿ "ನರ ಮತ್ತು ಮನೋರೋಗ ತಜ್ಞರು" ಎಂಬ ಬೋರ್ಡುಗಳನ್ನು ನೋಡಿರುತ್ತೀರಿ. "ನರದ ವೀಕ್‌ನೆಸ್ಸಿಗೆ ತೋರಿಸ್ತಿದೀವಿ" ಎಂದು ಊರಿನಲ್ಲಿ ಹೇಳಿಕೊಳ್ಳಲು ಆ ಮೊದಲ ಪದ ಅನುಕೂಲ ಮಾಡಿಕೊಟ್ಟಿದೆ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಖಾಸಗಿ ವೈದ್ಯರ ದೊಡ್ಡ ಅನುಕೂಲವೆಂದರೆ ಪ್ರತಿ ಸಲವೂ ಅದೇ ವೈದ್ಯರು, ಸಂಜೆಯ ಹೊತ್ತು, ಮುಚ್ಚಿದ ಬಾಗಿಲು. ಸಂಬಳದ ಕೆಲಸದಲ್ಲಿರುವವರಿಗೆ ರಜೆ ಹಾಕದೆ ಹೋಗಿಬರಲು ಇದೇ ಸರಿ. ಬೆಂಗಳೂರಿನಲ್ಲಿ ಕಂಪನಿಯ ಕೆಲಸದಲ್ಲಿರುವ ನನ್ನ ತಮ್ಮನ ಮಗಳು ಮೆಟ್ರೋದಲ್ಲಿ ಉಸಿರು ಕಟ್ಟಿದಂತಾಗಿ, ಎದೆ ಹೊಡೆದುಕೊಂಡು, ಎರಡು ಸಲ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ ಬಂದವಳು. ಹೃದಯದಲ್ಲಿ ಏನೂ ಇರಲಿಲ್ಲ, ಅದು ಪ್ಯಾನಿಕ್ ಅಟ್ಯಾಕ್. ಅವಳಿಗೆ ಹತ್ತು ವಾರದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಹಂತಹಂತವಾಗಿ ತಿದ್ದುವ ಮಾತಿನ ಚಿಕಿತ್ಸೆ, ಸಾಕಾಯಿತು. ಆದರೆ ಒಂದು ಭೇಟಿಗೆ ಸಾವಿರದೈನೂರು ರೂಪಾಯಿಯಂತೆ ಲೆಕ್ಕ ಹಾಕಿ ನೋಡಿ. ಭಾವನಿಗೆ ಇದೇ ದಾರಿ ಹಿಡಿದಿದ್ದರೆ ಮೂರನೆಯ ವಾರಕ್ಕೇ ನಿಲ್ಲಿಸುತ್ತಿದ್ದರು.

ವಿಮೆ ಇದ್ದವರು ಪಾಲಿಸಿಯನ್ನು ತೆರೆದು ಓದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ ಪ್ರಕಾರ ದೇಹದ ಕಾಯಿಲೆಗೆ ಕೊಡುವ ವಿಮೆಯನ್ನು ಅದೇ ರೀತಿಯಲ್ಲಿ ಮನಸ್ಸಿನ ಕಾಯಿಲೆಗೂ ಕೊಡಬೇಕು. ದಾಖಲಾದಾಗಿನ ಖರ್ಚಿಗೆ ಇದು ಉಪಯೋಗಕ್ಕೆ ಬರುತ್ತದೆ. ಹೊರರೋಗಿಯಾಗಿ ಮಾಡುವ ಖರ್ಚು ಬಹಳಷ್ಟು ಪಾಲಿಸಿಗಳಲ್ಲಿ ಯಾವ ಕಾಯಿಲೆಗೂ ಬರುವುದಿಲ್ಲ.

ಆನ್‌ಲೈನ್ ಭೇಟಿ ದೂರದವರಿಗೂ ಹೊರನಾಡ ಕನ್ನಡಿಗರಿಗೂ ವರವೇ ಸರಿ, ಪುಣೆಯಲ್ಲೋ ದುಬೈಯಲ್ಲೋ ಕೂತು ಕನ್ನಡದಲ್ಲಿ ಅತ್ತು ಹಗುರಾಗಬಹುದು. ಆದರೆ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಹೇಳದ ಆ್ಯಪ್‌ಗಳನ್ನು ಬಿಟ್ಟುಬಿಡಿ. ಒಂದೇ ಕೋಣೆಯ ಮನೆಯಲ್ಲಿ ಅತ್ತೆ ಟಿವಿ ನೋಡುತ್ತಿರುವಾಗ ವಿಡಿಯೊ ಕರೆಯಲ್ಲಿ ಯಾರೂ ಮನಸ್ಸು ಬಿಚ್ಚಲಾರರು. ಅಂಥವರಿಗೆ ಕ್ಲಿನಿಕ್ಕಿನ ಬಾಗಿಲೇ ಹೆಚ್ಚು ಗುಟ್ಟಿನದು. ಕಂಪನಿಯವರು ಕೊಡಿಸುವ ಉಚಿತ ಕೌನ್ಸೆಲಿಂಗ್ ಮೂರೋ ಆರೋ ಭೇಟಿಗೆ ಮುಗಿಯುತ್ತದೆ. ಶುರು ಮಾಡಲು ಅದು ಸಾಕು.

ದೇವಸ್ಥಾನ, ದರ್ಗಾ

ಪ್ರಶ್ನೆ ಇಡಿಸಿದ್ದನ್ನು ನಾನು ನಗೆಗೆ ಎತ್ತಿಕೊಂಡಿಲ್ಲ. ಶಾಂತಿಯ ದಿನ ಭಾವನ ಸುತ್ತ ಮನೆಯವರೆಲ್ಲ ಸೇರಿದ್ದರು, ಅವರು ಎರಡು ತುತ್ತು ಹೆಚ್ಚು ಉಂಡರು. ನಾಲ್ಕನೆಯ ದಿನಕ್ಕೆ ಮತ್ತೆ ಜಗಲಿಯ ಕಂಬ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದುವಾ (ಪ್ರಾರ್ಥನೆ) ಮತ್ತು ದವಾ (ಮದ್ದು) ಎರಡನ್ನೂ ಜೊತೆಗೆ ಕೊಡುವ ಏರ್ಪಾಡಿದೆ: ಹರಕೆಗೆ ಬಂದವರನ್ನು ಅಲ್ಲಿಯ ಮುಜಾವರರೇ ಪಕ್ಕದ ಮನೋವೈದ್ಯರ ಬಳಿ ಕಳಿಸುತ್ತಾರೆ. ಹರಕೆಯೂ ಇರಲಿ, ಮಾತ್ರೆಯೂ ಇರಲಿ ಎನ್ನುವ ಅರ್ಚಕರು, ತಂತ್ರಿಗಳು ನಮ್ಮಲ್ಲಿಯೂ ಇದ್ದಾರೆ. ಅಂಥವರ ಮಾತನ್ನು ವೈದ್ಯರ ಮಾತಿಗಿಂತ ಬೇಗ ಕೇಳುವ ಮನೆಗಳಿವೆ.

ಮಾತ್ರೆ ನಿಲ್ಲಿಸಿ ಎನ್ನುವ, ಉಪವಾಸ ಕೆಡಹುವ, ಹೊಡೆಯುವ, ಕಟ್ಟಿಹಾಕುವ ಜಾಗದಿಂದ ಆ ಕ್ಷಣವೇ ಹೊರಗೆ ಬನ್ನಿ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಯಾವ ರೀತಿಯಲ್ಲಿಯೂ ಸರಪಳಿ ಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ, ಮನೋರೋಗಿಗಳನ್ನು ಇಟ್ಟುಕೊಳ್ಳುವ ಯಾವುದೇ ಸಂಸ್ಥೆ ನೋಂದಣಿ ಮಾಡಿಸಿಕೊಂಡಿರಬೇಕು ಎನ್ನುತ್ತದೆ. ಊರ ಹೊರಗಿನ ಕೆಲವು ವ್ಯಸನಮುಕ್ತಿ ಕೇಂದ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಕುಡಿತದ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ: ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಬುದ್ಧಿ ಭ್ರಮಣೆಯಾಗಬಹುದು, ಪ್ರಾಣಕ್ಕೂ ಅಪಾಯ. ಅಂಥವರನ್ನು ಶಿಬಿರಕ್ಕೆ ಸೇರಿಸುವ ಮೊದಲು ಆಸ್ಪತ್ರೆಯಲ್ಲಿ ತೋರಿಸಲೇಬೇಕು.

ಹೋಲಿಸುತ್ತ ಕೂರಬಾರದ ಹೊತ್ತು

ಸಾಯುವ ಮಾತಾಡುತ್ತಿದ್ದರೆ, ಇಷ್ಟದ ವಸ್ತುಗಳನ್ನು ಹಂಚಿಬಿಡುತ್ತಿದ್ದರೆ, ಊಟ ನೀರು ಬಿಟ್ಟಿದ್ದರೆ, ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದರೆ, ಮೇಲೆ ಹೇಳಿದ ತೂಕ ಲೆಕ್ಕಗಳೆಲ್ಲ ಬದಿಗಿರಲಿ. ಹತ್ತಿರ ಯಾವ ಆಸ್ಪತ್ರೆಯಿದೆಯೋ ಅದರ ತುರ್ತು ವಿಭಾಗಕ್ಕೆ ಹೋಗಿ, ವಾಹನ ಇಲ್ಲದಿದ್ದರೆ 108, ಪೊಲೀಸರ ನೆರವು ಬೇಕಾದರೆ 112. ನಿಮ್ಹಾನ್ಸ್‌ನ ತುರ್ತು ಸೇವೆ ದಿನದ 24 ಗಂಟೆಯೂ ಇದೆ. ಅಲ್ಲಿಯವರೆಗೆ ಅವರನ್ನು ಒಂಟಿಯಾಗಿ ಬಿಡಬೇಡಿ, ತೋಟಕ್ಕೆ ತಂದ ಔಷಧಿ, ಮನೆಯ ಮಾತ್ರೆಗಳನ್ನು ಬೀಗದೊಳಗೆ ಇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ; ಅಡಗಿಸಿಟ್ಟದ್ದನ್ನು ಹೇಳಿಕೊಳ್ಳಲು ಅವಕಾಶವಾಗುತ್ತದೆ. ಪೊಲೀಸ್ ಕೇಸಾಗುತ್ತದೆಂಬ ಭಯಕ್ಕೆ ಆಸ್ಪತ್ರೆಗೆ ಹೋಗದೆ ಉಳಿಯುವವರು ಇದನ್ನು ತಿಳಿದಿರಬೇಕು: ಪ್ರಾಣ ತೆಗೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೇ ಕಲಂ ಹೇಳುತ್ತದೆ, ಮತ್ತು ಅವರಿಗೆ ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ.

ಒಪ್ಪಿಸುವುದು ಹೇಗೆ

ಎಲ್ಲಿಗೆ ಎಂಬುದು ತೀರ್ಮಾನವಾದ ಮೇಲೂ ಹೋಗಬೇಕಾದವರು ಏಳುವುದಿಲ್ಲ. "ನಂಗೇನು ಹುಚ್ಚಾ?" ಎಂದು ಭಾವ ಕೇಳಿದಾಗ ನಾನು ಮಾಡಿದ ತಪ್ಪೆಂದರೆ ವಾದಕ್ಕೆ ನಿಂತದ್ದು, ಖಿನ್ನತೆ ಎಂಬುದು ಶುಗರ್ ಬಿಪಿಯ ಹಾಗೆ ಎಂದು ಅರ್ಧ ಗಂಟೆ ಹೇಳಿದೆ, ಅವರು ಎದ್ದು ಒಳಗೆ ಹೋದರು. ಅಕ್ಕ ಮರುದಿನ ಕಾಫಿ ಕೊಡುತ್ತ ಹೇಳಿದ್ದು ಇಷ್ಟೇ: "ನೀವು ಮೂರು ಗಂಟೆಗೆ ಎದ್ದು ಕೂತ್ರೆ ನಂಗೂ ನಿದ್ದೆ ಇಲ್ಲ. ನಿದ್ದೆಗೆ ಎಂತಾದ್ರೂ ಉಂಟಾ ಅಂತ ಇಬ್ರೂ ಹೋಗಿ ಕೇಳ್ವ." ಅದರಲ್ಲಿ ಸುಳ್ಳಿರಲಿಲ್ಲ. ರೋಗದ ಹೆಸರನ್ನು ಒಪ್ಪಿಸುವ ಹಟ ಬಿಟ್ಟು, ಅವರೇ ಒಪ್ಪುವ ಒಂದು ತೊಂದರೆಯನ್ನು ಹಿಡಿದು ಹೊರಟರೆ ಸಾಕೆಂದು ನನಗೆ ಆಗ ಹೊಳೆಯಿತು. ನೆಂಟರ ಮನೆಗೆಂದು ಸುಳ್ಳು ಹೇಳಿ ಆಸ್ಪತ್ರೆಗೆ ಇಳಿಸುವುದು, ಸಾರಿನಲ್ಲಿ ಮಾತ್ರೆ ಬೆರೆಸುವುದು ಇವೆರಡನ್ನೂ ಮಾಡಬೇಡಿ. ಗೊತ್ತಾದ ದಿನ ಅವರು ಅನ್ನವನ್ನೂ ನಂಬುವುದಿಲ್ಲ, ಎರಡನೆಯ ಭೇಟಿಯಂತೂ ನಡೆಯುವುದೇ ಇಲ್ಲ. ಎಷ್ಟು ಹೇಳಿದರೂ ಬರದಿದ್ದರೆ ಮನೆಯವರೊಬ್ಬರೇ ಮೊದಲು ಹೋಗಿ ವೈದ್ಯರ ಬಳಿ ಮಾತನಾಡಿ ಬರಬಹುದು. ಮುಂದೇನು ಮಾಡಬೇಕೆಂದು ಅವರು ಹೇಳಿಕೊಡುತ್ತಾರೆ.

ಹೋಗುವಾಗ ಹಳೆಯ ಚೀಟಿಗಳು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು ಜೊತೆಗಿರಲಿ, ಶುಗರಿನದಾಗಲಿ ಆಯುರ್ವೇದದ್ದಾಗಲಿ. ನಿದ್ದೆ, ಊಟ, ಕೆಲಸ ಯಾವಾಗಿನಿಂದ ತಪ್ಪಿದವೆಂದು ಅರ್ಧ ಹಾಳೆಯಲ್ಲಿ ಬರೆದುಕೊಳ್ಳಿ, ಎದುರಿಗೆ ಕೂತಾಗ ಎಲ್ಲವೂ ಮರೆತುಹೋಗುತ್ತದೆ. ಮಾತ್ರೆ ಯಾವಾಗ ಕೆಲಸ ಶುರು ಮಾಡುತ್ತದೆ, ಏನು ತೊಂದರೆ ಕೊಡಬಹುದು, ಕೊಟ್ಟರೆ ಯಾರಿಗೆ ಫೋನ್ ಮಾಡುವುದು ಎಂದು ಕೇಳದೆ ಏಳಬೇಡಿ. ಆ ಮಂಗಳವಾರ ನರ್ಸಮ್ಮ ಭಾವನ ಚೀಟಿಯ ಹಿಂದೆ ಮುಂದಿನ ತಿಂಗಳ ತಾರೀಖು ಬರೆದುಕೊಟ್ಟರು. ಅಕ್ಕ ಮನೆಗೆ ಬಂದವಳೇ ಕಾಲು ತೊಳೆಯುವ ಮೊದಲು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ದಿನಕ್ಕೆ ಗುರುತು ಹಾಕುವ ಅದೇ ಕೆಂಪು ಪೆನ್ನಿನಲ್ಲಿ, ಆ ದಿನಕ್ಕೊಂದು ಸುತ್ತು ಹಾಕಿದಳು.